ಅಕ್ಕನಿಗೆ ದಿನಕ್ಕೊಂದು ಸುದ್ದಿ

ಸಂಜೆ ಏಳಕ್ಕೆ ಸರಿಯಾಗಿ ನನ್ನ ಫೋನು ಬಡಿದುಕೊಳ್ಳುತ್ತದೆ. ಇಳಕಲ್‌ನಿಂದ ನನ್ನ ಅಕ್ಕ.

"ಏನಪಾ ತಮ್ಮಾ, ಇವತ್ತ ಏನ್ ನೋಡಿದಿ?"

ಈ ಒಂದು ಪ್ರಶ್ನೆಗೆ ಉತ್ತರ ಹುಡುಕಲು ನಾನು ನಾಲ್ಕು ವರ್ಷದಿಂದ ದಿನಾಲೂ ಮನೆಯ ಹೊರಗೆ ಕಣ್ಣು ಬಿಟ್ಟುಕೊಂಡು ತಿರುಗುತ್ತಿದ್ದೇನೆ.

ಅಕ್ಕನಿಗೆ ಈಗ 82. ನನಗಿಂತ ಎಂಟು ವರ್ಷ ದೊಡ್ಡವಳು. ಐವತ್ತು ವರ್ಷ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯ್ದವಳು. ನಾಲ್ಕು ವರ್ಷದ ಹಿಂದೆ ಗ್ಲಾಕೋಮಾ ಅವಳ ಎರಡೂ ಕಣ್ಣುಗಳನ್ನು ಕಸಿದುಕೊಂಡಿತು. ನೋವಿಲ್ಲದೆ ಸದ್ದಿಲ್ಲದೆ ಬರುವ ರೋಗ ಅದು. ಹೋದ ದೃಷ್ಟಿ ಮರಳಿ ಬರುವುದಿಲ್ಲ. ಅಜ್ಜ–ಅಜ್ಜಿಯರೇ, ಕಣ್ಣು ಚೆನ್ನಾಗಿದೆ ಅನ್ನಿಸಿದರೂ ವರ್ಷಕ್ಕೊಮ್ಮೆ ಡಾಕ್ಟರಿಗೆ ತೋರಿಸಿ. ನಾವು ತೋರಿಸಲಿಲ್ಲ.

ಕಣ್ಣು ಹೋದ ಹೊಸದರಲ್ಲಿ ಅಕ್ಕ ಮಾತು ಕಡಿಮೆ ಮಾಡಿದಳು. ನಾನು ಫೋನು ಮಾಡಿ ಉಳ್ಳಾಗಡ್ಡಿ ರೇಟು, ಬೀಗರ ಮನೆ ಮದುವೆ, ಟೀವಿಯಲ್ಲಿ ಬಂದ ರಾಜಕೀಯ ಎಲ್ಲ ಹೇಳುತ್ತಿದ್ದೆ. ಒಂದು ದಿನ ಅಕ್ಕ ಅರ್ಧಕ್ಕೆ ತಡೆದಳು.

"ಇದನ್ನೆಲ್ಲ ರೇಡಿಯೋದವರೂ ಹೇಳ್ತಾರ. ನೀ ನಿನ್ನ ಕಣ್ಣಿಲೆ ಇವತ್ತ ಕಂಡದ್ದ ಏನರ ಒಂದು ಹೇಳು."

ನಾನು ತಡವರಿಸಿದೆ. ಬೆಳಿಗ್ಗೆಯಿಂದ ಏನು ಕಂಡೆ? ನೆನಪಾಗಲಿಲ್ಲ. ಕೊನೆಗೆ, "ಅಂಗಳದಾಗ ಒಂದು ಗುಬ್ಬಿ ಬಂದಿತ್ತಕ್ಕಾ" ಅಂದೆ.

"ಗಂಡೋ ಹೆಣ್ಣೋ?"

ನನಗೆ ಗೊತ್ತಿರಲಿಲ್ಲ. 38 ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವನು ನಾನು. ಖೋಟಾ ನೋಟು ಬೆರಳಿಗೆ ತಾಗಿದರೆ ಸಾಕು, ತಿಳಿಯುತ್ತಿತ್ತು. ಒಂದು ಸಹಿಯ ಬಾಲ ಉದ್ದವಾದರೂ ಕಣ್ಣಿಗೆ ಬೀಳುತ್ತಿತ್ತು. ಆದರೆ ಎಪ್ಪತ್ತು ವರ್ಷ ನೋಡಿದ ಗುಬ್ಬಿಯಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಎಂದು ಹೇಳಲಾಗಲಿಲ್ಲ.

"ನಾಳೆ ನೋಡಿ ಹೇಳು" ಎಂದು ಅಕ್ಕ ಫೋನಿಟ್ಟಳು.

ಮೊದಲ ಸುದ್ದಿ

ಮರುದಿನ ಚಹಾದ ಲೋಟ ಹಿಡಿದು ಬೆಳಿಗ್ಗೆಯೇ ಅಂಗಳದ ಕಟ್ಟೆಯ ಮೇಲೆ ಕೂತೆ. ಬಾಗಲಕೋಟೆಯ ನವನಗರದ ನಮ್ಮ ಮನೆಯ ಮುಂದೆ ಒಂದು ಬೇವಿನ ಗಿಡವಿದೆ. ಅದರ ಬುಡದಲ್ಲಿ ಒಂದಿಷ್ಟು ಬರಿ ಮಣ್ಣು. ಅಲ್ಲಿಗೆ ಐದಾರು ಗುಬ್ಬಿ ಇಳಿದವು. ಕೆಲವಕ್ಕೆ ಗದ್ದದಿಂದ ಎದೆಯವರೆಗೆ ಕರಿ ಬಣ್ಣ. ನೆತ್ತಿ ಬೂದು, ಅದರ ಎರಡೂ ಬದಿಗೆ ಗಾಢ ಕಂದು. ಇವು ಗಂಡು. ಉಳಿದವಕ್ಕೆ ಮೈಯೆಲ್ಲ ಮಾಸಲು ಕಂದು, ಕಣ್ಣಿನ ಹಿಂದೆ ತಿಳಿ ಬಣ್ಣದ ಒಂದು ಗೆರೆ. ಇವು ಹೆಣ್ಣು.

ನೋಡುತ್ತಿದ್ದಂತೆ ಒಂದು ಗಂಡು ಗುಬ್ಬಿ ಒಣ ಮಣ್ಣಿನಲ್ಲಿ ಬಟ್ಟಲಿನಷ್ಟು ತಗ್ಗು ಮಾಡಿ ಕೂತು, ರೆಕ್ಕೆಯಿಂದ ಧೂಳು ಎರಚಿಕೊಂಡಿತು. ನಾವು ನೀರಿನಿಂದ ಸ್ನಾನ ಮಾಡಿದರೆ ಅದು ಮಣ್ಣಿನಿಂದ ಮಾಡುತ್ತದೆ. ಪುಕ್ಕದ ಜಿಡ್ಡು, ಅಂಟಿದ ಸಣ್ಣ ಹುಳ ಎಲ್ಲ ಧೂಳಿನ ಜೊತೆ ಉದುರುತ್ತವೆ. ಅಂಗಳಕ್ಕೆಲ್ಲ ಫರಸಿ ಹಾಕಿಸಬೇಕೆಂದು ಮಗ ಹೇಳುತ್ತಿದ್ದ. ಆ ನಾಲ್ಕು ಅಡಿ ಮಣ್ಣು ಬಿಟ್ಟು ಹಾಕಿಸು ಅಂದೆ.

ಅಂದು ಸಂಜೆ ಏಳಕ್ಕೆ ನಾನೇ ಫೋನಿನ ಪಕ್ಕ ಕಾದು ಕೂತಿದ್ದೆ.

ಅಕ್ಕ ಮೂರು ಕರಾರು ಹಾಕಿದಳು. ಸ್ವಂತ ಕಣ್ಣಿನಿಂದ ನೋಡಿದ್ದೇ ಆಗಬೇಕು. ಒಮ್ಮೆ ಹೇಳಿದ್ದನ್ನು ಮತ್ತೆ ಹೇಳುವಂತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಬೇಕು, ಕಟ್ಟಿ ಹೇಳಬಾರದು. ನಾನು ಒಂದು ಹಳೆಯ ಡೈರಿ ತೆಗೆದು ಅದರ ಮೇಲೆ 'ಅಕ್ಕನ ಖಾತೆ' ಎಂದು ಬರೆದೆ. ತಾರೀಖು, ಜಾಗ, ಕಂಡದ್ದು ಎಂದು ಮೂರು ಕಾಲಂ. ಬ್ಯಾಂಕಿನಲ್ಲಿ ಆಡಿಟರ್ ವರ್ಷಕ್ಕೊಮ್ಮೆ ಬರುತ್ತಿದ್ದರು. ಇಲ್ಲಿ ದಿನಾ ಸಂಜೆ ಆಡಿಟ್.

ಐದನೇ ತರಗತಿಯ ಮೊಮ್ಮಗಳೂ ನನ್ನ ಜೊತೆ ಸೇರಿಕೊಂಡಳು. ಅವಳ ಕಣ್ಣು ನನಗಿಂತ ಚುರುಕು. ನೆಲಕ್ಕೂ ಹತ್ತಿರ. ಗೂಡಿಗೆ ಹೋಗುವ ಗುಬ್ಬಿಯ ಕೊಕ್ಕಿನಲ್ಲಿ ಕಾಳಲ್ಲ, ಹಸಿರು ಹುಳ ಇದೆ ಎಂದು ಕಂಡುಹಿಡಿದವಳು ಅವಳೇ. ದೊಡ್ಡ ಗುಬ್ಬಿ ಕಾಳು ತಿಂದರೂ ಮರಿಗೆ ಹುಳವೇ ಬೇಕು. ಹುಳ ಇಲ್ಲದ ಊರಿನಲ್ಲಿ ನಾವು ಎಷ್ಟು ಕಾಳು ಚೆಲ್ಲಿದರೂ ಗುಬ್ಬಿ ಮರಿ ಬದುಕುವುದಿಲ್ಲ.

ಮಿರಗದ ಹುಳ

ಜೂನ್ ತಿಂಗಳ ಮೊದಲ ವಾರ ಕಳೆದರೆ ಮೃಗಶಿರಾ ಮಳೆ. ನಮ್ಮ ಕಡೆಯವರ ಬಾಯಲ್ಲಿ ಅದು 'ಮಿರಗ'. ಒಂದು ಸಂಜೆ ಅಕ್ಕನೇ ಕೇಳಿದಳು: "ಮಿರಗ ಕೂಡಿತಲ್ಲ, ಹುಳ ಕಂಡವೇನು?"

ನನಗೆ ಅರವತ್ತೈದು ವರ್ಷದ ಹಿಂದಿನ ಒಂದು ಬೆಳಗು ನೆನಪಾಯಿತು. ಹುನಗುಂದದ ಹತ್ತಿರ ಅಪ್ಪನ ಎರೆ ಹೊಲ. ರಾತ್ರಿ ಮಳೆ ಬಂದು ಬಿಟ್ಟಿತ್ತು. ಅಕ್ಕ ನನ್ನ ಅಂಗೈ ಬಿಡಿಸಿ, ಅದರ ಮೇಲೆ ಕೆಂಪು ಮಖಮಲ್ಲಿನ ಗುಂಡಿಯಂಥದ್ದನ್ನು ಇಟ್ಟಳು. ಅದು ಕಾಲು ಮಡಚಿಕೊಂಡು ಸುಮ್ಮನಿತ್ತು. ನಾವೂ ಉಸಿರು ಹಿಡಿದು ಸುಮ್ಮನಿದ್ದೆವು. ಸ್ವಲ್ಪ ಹೊತ್ತಿಗೆ ಕಾಲು ಬಿಚ್ಚಿ ಅಂಗೈ ಮೇಲೆ ನಡೆಯಿತು. ಆ ಕಚಗುಳಿ ಈಗಲೂ ನೆನಪಿದೆ.

ನವನಗರದ ಸಿಮೆಂಟ್ ರಸ್ತೆಯಲ್ಲಿ ಮಿರಗದ ಹುಳ ಎಲ್ಲಿಂದ ಬರಬೇಕು? ಭಾನುವಾರ ಮೊಮ್ಮಗಳನ್ನು ಕರೆದುಕೊಂಡು ಹುನಗುಂದದ ಬಸ್ಸು ಹತ್ತಿದೆ. ಹೊಲವನ್ನು ಈಗ ಚಿಕ್ಕಪ್ಪನ ಮಗ ನೋಡಿಕೊಳ್ಳುತ್ತಾನೆ. ಔಷಧಿ ಹೊಡೆಯುವ ಹೊಲದೊಳಗೆ ಒಂದೂ ಕಾಣಲಿಲ್ಲ. ಹುಲ್ಲು ಬೆಳೆದ ಬದುವಿನ ಮೇಲೆ ಕಂಡವು. ಮೊಮ್ಮಗಳು ಹನ್ನೊಂದು ಎಣಿಸಿದಳು.

"ಅಜ್ಜಾ, ಇದಕ್ಕ ಎಂಟು ಕಾಲು ಅದಾವ! ಹುಳಕ್ಕ ಆರ ಇರಬೇಕಲ್ಲ?"

ಎಣಿಸಿ ನೋಡಿದೆ. ಎಂಟೇ. ಮಕ್ಕಳೇ, ನಾವು ಹುಳ ಅನ್ನುತ್ತೇವೆ, ಆದರೆ ಇದು ಕೀಟಗಳ ಗುಂಪಿನದಲ್ಲ. ಜೇಡ, ಉಣ್ಣಿಗಳ ನಂಟ. ಮರಿಯಾಗಿದ್ದಾಗ ಆರು ಕಾಲು ಇರುತ್ತವೆ. ಆಗ ಮಿಡತೆಯಂಥ ಕೀಟದ ಮೈಗೆ ಅಂಟಿಕೊಂಡು ಬದುಕುತ್ತದೆ. ದೊಡ್ಡದಾದ ಮೇಲೆ ವರ್ಷದ ಹೆಚ್ಚು ಕಾಲ ಮಣ್ಣಿನೊಳಗೇ ಇದ್ದು, ಮೊದಲ ಹದ ಮಳೆಗೆ ಮೇಲೆ ಬರುತ್ತದೆ. ಗೆದ್ದಲು ಅದಕ್ಕೆ ಬಲು ಇಷ್ಟದ ಊಟ. ಮೈಯ ಆ ಕೆಂಪು ಬಣ್ಣ ಹಕ್ಕಿಗಳಿಗೆ ಒಂದು ಎಚ್ಚರಿಕೆ: ನನ್ನನ್ನು ತಿನ್ನಬೇಡ, ರುಚಿ ಇಲ್ಲ. ಹಳೆಗನ್ನಡ ಕವಿಗಳು ಇದನ್ನೇ ಇಂದ್ರಗೋಪ ಎಂದು ಕರೆದರು.

ಒಂದು ತಪ್ಪೊಪ್ಪಿಗೆ. ನಾವು ಚಿಕ್ಕವರಿದ್ದಾಗ ಇವನ್ನು ಹಿಡಿದು ಬೆಂಕಿಪೊಟ್ಟಣದಲ್ಲಿ ತುಂಬಿಡುತ್ತಿದ್ದೆವು. ಮರುದಿನ ತೆರೆದರೆ ಸತ್ತಿರುತ್ತಿದ್ದವು. ಮೊಮ್ಮಗಳು ಒಂದನ್ನು ಅಂಗೈ ಮೇಲೆ ಬಿಟ್ಟುಕೊಂಡು ನೂರು ಎಣಿಸುವಷ್ಟು ಹೊತ್ತು ನೋಡಿ, ಎತ್ತಿಕೊಂಡ ಜಾಗದಲ್ಲೇ ಬಿಟ್ಟಳು. ಅವಳಿಗೆ ನಾನು ಹೇಳಿಕೊಟ್ಟಿರಲಿಲ್ಲ.

ಅಂದು ಸಂಜೆ ಫೋನಿನಲ್ಲಿ ಮಾತಾಡಿದ್ದು ಅವಳೇ. "ಕಚಗುಳಿ ಆತೇನವಾ?" ಎಂದು ಅಕ್ಕ ಕೇಳಿದಳಂತೆ.

ನಾನು ಒಡೆದ ಗಡಿಗೆ

ದಸರೆಗೆ ಮನೆ ಸ್ವಚ್ಛ ಮಾಡುತ್ತಿದ್ದೆವು. ಕಿಟಕಿಯ ಚೌಕಟ್ಟಿಗೆ ಅಡಿಕೆಯಷ್ಟು ದೊಡ್ಡದಾದ ಮಣ್ಣಿನ ಉಂಡೆ ಅಂಟಿತ್ತು. ಚಾಕುವಿನ ತುದಿಯಿಂದ ಕೆರೆದು ಕೆಡವಿದೆ. ಬಿದ್ದು ಒಡೆಯಿತು. ಒಳಗೆ ಏಳು ಸಣ್ಣ ಹಸಿರು ಹುಳ.

"ಅಜ್ಜಾ, ಇವು ಜೀವಂತ ಅದಾವ" ಅಂದಳು ಮೊಮ್ಮಗಳು. ಹೌದು, ಮುಟ್ಟಿದರೆ ತುಸು ಅಲುಗುತ್ತಿದ್ದವು, ಆದರೆ ನಡೆಯುತ್ತಿರಲಿಲ್ಲ. ಅವುಗಳ ನಡುವೆ ಒಂದು ಪುಟ್ಟ ಬಿಳಿ ಮರಿಹುಳ. ಅದು ಚಾಕು ತಾಗಿ ಹರಿದುಹೋಗಿತ್ತು.

ನಾನು ಒಡೆದದ್ದು ಕುಂಬಾರ ಹುಳದ ಮನೆ. ಕಣಜದ ಜಾತಿಯ ಈ ಹುಳದ ತಾಯಿ ಹಸಿ ಮಣ್ಣು ತಂದು ಗಡಿಗೆ ಕಟ್ಟುತ್ತದೆ. ಒಳಗೆ ಒಂದು ತತ್ತಿ ಇಡುತ್ತದೆ. ಕಂಬಳಿಹುಳದಂಥ ಮರಿಹುಳಗಳನ್ನು ಹುಡುಕಿ, ಕೊಂಡಿಯಿಂದ ಚುಚ್ಚಿ, ಸಾಯದಂತೆ ಆದರೆ ಓಡದಂತೆ ಮಾಡಿ ಗಡಿಗೆಯಲ್ಲಿ ತುಂಬುತ್ತದೆ. ಬಾಯಿ ಮುಚ್ಚಿ ಹೋಗಿಬಿಡುತ್ತದೆ. ಹುಟ್ಟುವ ಮರಿಗೆ ಕೆಡದ ಬುತ್ತಿ ಅದು. ತನ್ನ ಮಗುವಿನ ಮುಖವನ್ನು ಅದು ಎಂದೂ ನೋಡುವುದಿಲ್ಲ.

ಮೊಮ್ಮಗಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅಕ್ಕನಿಗೆ ಮುಚ್ಚಿಡುವಂತಿರಲಿಲ್ಲ, ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಬ್ಬಾಕಿ ಮಗ್ಗದ ಮ್ಯಾಲಿನ ಸೀರಿ ಕತ್ತರಿಸಿದಂಗ ಆತಲ್ಲೋ ತಮ್ಮಾ" ಅಂದಳು.

ಹತ್ತು ದಿನದ ಮೇಲೆ ಇನ್ನೊಂದು ಕುಂಬಾರ ಹುಳ ಅದೇ ಚೌಕಟ್ಟಿಗೆ ಬಂತು. ಈ ಸಲ ಇಬ್ಬರೂ ಕುರ್ಚಿ ಹಾಕಿಕೊಂಡು ಕೂತೆವು. ಅಂಗಳದ ನಳದ ಕೆಳಗಿನ ಹಸಿ ಮಣ್ಣನ್ನು ಕಾಳಿನಷ್ಟು ಉಂಡೆ ಮಾಡಿ ಬಾಯಲ್ಲಿ ತರುತ್ತಿತ್ತು. ಸುತ್ತ ಒಂದು ಪಟ್ಟಿ ಹಚ್ಚಿ ಮತ್ತೆ ಹಾರುತ್ತಿತ್ತು. ನಾವು ಎಣಿಸಿದ್ದು 23 ಸಲ. ಕೊನೆಗೆ ಗಡಿಗೆಗೆ ಇರುವಂಥದ್ದೇ ಕಂಠ, ಹೊರಗೆ ಬಾಗಿದ ಬಾಯಿ. ತಿಗರಿ ಇಲ್ಲ, ಕೈ ಇಲ್ಲ.

ಇಂಥ ಹುಳಗಳ ಮುಂದೆಯೇ ಬಾಳು ಕಳೆದ ಒಬ್ಬ ಮಾಸ್ತರರು ಫ್ರಾನ್ಸಿನಲ್ಲಿದ್ದರು. ಹೆಸರು ಜಾನ್ ಹೆನ್ರಿ ಫಾಬ್ರ್, 1823ರಲ್ಲಿ ಹುಟ್ಟಿದವರು. 1879ರಲ್ಲಿ ಸೆರಿನ್ಯಾನ್ ಎಂಬ ಹಳ್ಳಿಯ ಹತ್ತಿರ, ಯಾರಿಗೂ ಬೇಡವಾದ ಕಲ್ಲು–ಮುಳ್ಳಿನ ಜಮೀನು ಕೊಂಡು ಅಲ್ಲೇ ನೆಲೆಸಿದರು. ಜನರಿಗೆ ಹಾಳು ನೆಲ, ಅವರಿಗೆ ಹುಳಗಳ ಊರು. ಕುಂಬಾರ ಹುಳ ತನ್ನ ತತ್ತಿಯನ್ನು ಗಡಿಗೆಯ ಒಳಮೈಗೆ ಸಣ್ಣ ದಾರದಿಂದ ತೂಗುಬಿಡುತ್ತದೆ ಎಂಬುದನ್ನು ಅವರು ಕಂಡು ಬರೆದರು. ಕೆಳಗೆ ತುಂಬಿದ ಹುಳಗಳು ಹೊರಳಿ ತತ್ತಿ ಒಡೆಯಬಾರದಲ್ಲ, ಅದಕ್ಕೆ ಈ ತೊಟ್ಟಿಲು. ಕೀಟಗಳ ಬಗ್ಗೆ ಅವರು ಬರೆದ ಪುಸ್ತಕಮಾಲೆಯ ಹತ್ತನೆಯ ಸಂಪುಟ 1907ರಲ್ಲಿ ಬಂದಾಗ ಅವರಿಗೆ 80 ದಾಟಿತ್ತು. ನನ್ನ ವಯಸ್ಸಿನವರೇ, ನಮಗಿನ್ನೂ ಹೊತ್ತಿದೆ.

"ಆ ಹಸಿರು ಹುಳ ಪಾಪ ಅಲ್ಲೇನಜ್ಜಾ?" ಎಂದು ಮೊಮ್ಮಗಳು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಅಕ್ಕ ಫೋನಿನಲ್ಲೇ ಹೇಳಿದಳು: "ಪಾಪ ಖರೇ. ಆದ್ರ ಗುಬ್ಬಿ ಮರಿಗೂ ಹುಳ ಬೇಕು, ಕುಂಬಾರನ ಮರಿಗೂ ಹುಳ ಬೇಕು. ಹುಳ ಇಲ್ಲಂದ್ರ ಇಬ್ರೂ ಇಲ್ಲವಾ."

ಎರಡು ತೆನೆ

ಎಳ್ಳ ಅಮಾವಾಸ್ಯೆಗೆ ನಮ್ಮ ಕಡೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವುದು ಪದ್ಧತಿ. ಭೂಮಿತಾಯಿಗೆ ಚರಗ ಚೆಲ್ಲಿ, ಎಲ್ಲರೂ ಕೂಡಿ ಉಣ್ಣುತ್ತೇವೆ. ಹುನಗುಂದದ ಹೊಲದಲ್ಲಿ ಆಳೆತ್ತರದ ಬಿಳಿಜೋಳ ನಿಂತಿತ್ತು.

ಹಿಂಗಾರಿ ಜೋಳ ಮಳೆ ನಿಂತ ಮೇಲೆ ಬೆಳೆಯುವ ಬೆಳೆ. ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಒಣಗಿದಂತೆ ಕುಗ್ಗಿ ಬಿರುಕು ಬಿಡುತ್ತದೆ. ಒಳಗೆ ಹಿಡಿದಿಟ್ಟ ತೇವದ ಮೇಲೆಯೇ ಜೋಳ ಕಾಳು ಕಟ್ಟಬೇಕು. ಮೊಮ್ಮಗಳು ಒಂದು ಬಿರುಕಿನಲ್ಲಿ ಸ್ಕೇಲು ಇಳಿಬಿಟ್ಟಳು. 30 ಸೆಂಟಿಮೀಟರಿನ ಸ್ಕೇಲು ಪೂರ್ತಿ ಒಳಗೆ ಹೋಯಿತು.

ಅಂದಿನ ಸುದ್ದಿ ಜೋಳದ ಹೂವು. ನಗಬೇಡಿ. ಎಪ್ಪತ್ತು ವರ್ಷ ರೊಟ್ಟಿ ತಿಂದ ನಾನು ಜೋಳದ ಹೂವು ನೋಡಿರಲಿಲ್ಲ. ತಡವಾಗಿ ಬಿತ್ತಿದ ಸಾಲಿನಲ್ಲಿ ತೆನೆಗಳ ಮೇಲೆ ಹಳದಿ ಪುಡಿಯಂಥ ಎಸಳು ತೂಗುತ್ತಿದ್ದವು. ಒಂದು ತೆನೆಯಲ್ಲಿ ತುದಿಗೆ ಮಾತ್ರ ಹೂವು. ಇನ್ನೊಂದರಲ್ಲಿ ತುದಿಯ ಹೂವು ಒಣಗಿ, ನಡುವಿನಲ್ಲಿ ಅರಳಿತ್ತು. ಮೂರನೆಯದರಲ್ಲಿ ಬುಡದಲ್ಲಿ ಮಾತ್ರ. ಮೂರನ್ನೂ ಅಕ್ಕಪಕ್ಕ ನೋಡಿದಾಗ ತಿಳಿಯಿತು: ಜೋಳದ ತೆನೆ ತುದಿಯಿಂದ ಕೆಳಕ್ಕೆ ಅರಳುತ್ತದೆ, ದಿನಕ್ಕೆ ಒಂದಿಷ್ಟರಂತೆ. ರೈತರಿಗೆ ಇದು ಹೊಸದಲ್ಲ. ನನಗೆ ಹೊಸದು.

ಅಲ್ಲಿಂದ ಇಳಕಲ್ ದೂರವಿಲ್ಲ. ಕಾಳು ಹಾಲುಗಟ್ಟಿದ ಒಂದು ತೆನೆ ಕೊಯ್ದುಕೊಂಡು ಅಕ್ಕನ ಮನೆಗೆ ಹೋದೆವು.

ಇಳಕಲ್ ಸೀರೆ ನೋಡಿದವರಿಗೆ ಅದರ ಕೆಂಪು ಸೆರಗಿನ ಮೇಲಿನ ಬಿಳಿ ವಿನ್ಯಾಸ ಗೊತ್ತಿರುತ್ತದೆ. ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸುತ್ತಾರೆ. ಸೆರಗಿನ ವಿನ್ಯಾಸಗಳ ಹೆಸರು ಕೇಳಿ: ಹಣಿಗೆ, ಕೋಟೆ ಕಮ್ಮಲಿ, ತೋಪ ತೆನಿ. ಬಾಚುವ ಹಣಿಗೆ, ಕೋಟೆಯ ಗೋಡೆ, ಜೋಳದ ತೆನೆ. ಕಣ್ಣೆದುರಿಗೆ ಕಂಡದ್ದನ್ನೇ ನೇಕಾರರು ಸೆರಗಿಗೆ ಇಳಿಸಿದರು.

ಅಕ್ಕ ತೆನೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಬಲಗೈ ಬೆರಳು ತೆನೆಯ ಮೇಲೆ, ಎಡಗೈ ಬೆರಳು ಉಟ್ಟ ಸೀರೆಯ ಸೆರಗಿನ ಮೇಲೆ. ಬುಡದಿಂದ ತುದಿಯವರೆಗೆ ಎರಡೂ ಕೈ ಒಟ್ಟಿಗೆ ಸರಿದವು. ಒಂದು ಕಾಳು ಹಿಚುಕಿ ಹಾಲು ಬಂತೇ ಎಂದು ನಾಲಿಗೆಗೆ ಹಚ್ಚಿ ನೋಡಿದಳು.

"ಐವತ್ತು ವರ್ಷ ತೆನಿ ನೇದೆ. ಕಾಳ ಹಿಡಿದದ್ದು ಇವತ್ತ" ಎಂದು ನಕ್ಕಳು.

ಕಣ್ಣು ಹೋದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಆಗ ನನಗೆ ಒಂದು ಮಾತು ಹೊಳೆಯಿತು. ಇಷ್ಟು ದಿನ ನಾನು ನೋಡಿದ್ದನ್ನು ಅವಳಿಗೆ ಬರೀ ಹೇಳುತ್ತಿದ್ದೆ. ಮುಟ್ಟಿಸಬಹುದಿತ್ತಲ್ಲ?

ಗಟಾರದಲ್ಲಿ ಸಿಕ್ಕ ಪಾಠ

ಮಾರ್ಚ್ ಕೊನೆಗೆ ಒಂದು ಸಂಜೆ ಗುಡುಗಿ ಅರ್ಧ ತಾಸು ಮಳೆ ಹೊಡೆಯಿತು. ಮೊಮ್ಮಗಳು ರಸ್ತೆ ಬದಿಯ ಗಟಾರದಲ್ಲಿ ಕಾಗದದ ದೋಣಿ ಬಿಟ್ಟಳು. ನೀರು ಇಳಿದ ಮೇಲೆ ಅಲ್ಲಿ ನಿಂತ ಮರಳಿನ ಮೇಲೆ ಸಾಲು ಸಾಲು ಸಣ್ಣ ಏರು–ತಗ್ಗು, ಸೆರಗಿನ ನಿರಿಗೆಯಂತೆ. ಅವಳು ಬಗ್ಗಿ ಬೆರಳಾಡಿಸಿದಳು.

"ಅಜ್ಜಾ, ದೋಣಿ ಬಂದ ಕಡೆ ಜಾರು ಐತಿ. ದೋಣಿ ಹೋದ ಕಡೆ ಕಡಿದು ಐತಿ."

ಹರಿಯುವ ನೀರು ಮರಳಿನ ಕಣವನ್ನು ತಳ್ಳುತ್ತ ನಿಧಾನಕ್ಕೆ ಏರಿಸುತ್ತದೆ. ಅದಕ್ಕೇ ನೀರು ಬರುವ ಕಡೆ ಸಣ್ಣ ಇಳಿಜಾರು. ನೆತ್ತಿ ದಾಟಿದ ಕಣ ಆಚೆಗೆ ಉರುಳಿ ಬೀಳುತ್ತದೆ. ಅದಕ್ಕೇ ನೀರು ಹೋಗುವ ಕಡೆ ಕಡಿದಾದ ಇಳಿಜಾರು. ನೀರು ಬತ್ತಿ ಹೋದರೂ ಅದು ಯಾವ ದಿಕ್ಕಿಗೆ ಹರಿಯಿತು ಎಂಬುದನ್ನು ಮರಳು ಬರೆದಿಟ್ಟುಕೊಂಡಿರುತ್ತದೆ.

ಮರುವಾರ ಹಿನ್ನೀರಿನ ಕಡೆ ಹೋಗಿದ್ದೆವು. ಆಲಮಟ್ಟಿ ಆಣೆಕಟ್ಟೆಯ ನೀರು ಘಟಪ್ರಭೆಯ ಗುಂಟ ಬಾಗಲಕೋಟೆಯವರೆಗೆ ಬಂದು ನಿಲ್ಲುತ್ತದೆ. ಹಳೇ ಊರಿನ ತಗ್ಗಿನ ಭಾಗವೆಲ್ಲ ಅದರಲ್ಲಿ ಮುಳುಗಿತು. ನಾವಿದ್ದ ಓಣಿಯೂ ಮುಳುಗಿತು. ಬೇಸಿಗೆಯಲ್ಲಿ ನೀರು ಹಿಂದೆ ಸರಿಯುತ್ತದೆ. ಮೊದಲೆಲ್ಲ ಅಲ್ಲಿಗೆ ಹೋದರೆ ಕಳೆದುಕೊಂಡದ್ದೇ ಕಣ್ಣಿಗೆ ಕಟ್ಟುತ್ತಿತ್ತು. ಈಗ ಖಾತೆಗೆ ಏನು ಸಿಕ್ಕೀತು ಎಂದು ನೋಡುತ್ತೇನೆ.

ದೂರದ ತೆಳು ನೀರಿನಲ್ಲಿ ರಾಜಹಂಸಗಳು ನಿಂತಿದ್ದವು. ಅವು ಕೊಕ್ಕನ್ನು ತಲೆಕೆಳಗು ಮಾಡಿ ನೀರಿನಲ್ಲಿ ಅದ್ದುತ್ತವೆ. ಕೊಕ್ಕಿನ ಅಂಚು ಜರಡಿ ಇದ್ದಂತೆ. ನೀರು ಸೋಸಿ ಹೋಗಿ ಸಣ್ಣ ಜೀವಿ, ಪಾಚಿ ಒಳಗೆ ಉಳಿಯುತ್ತವೆ. ರೆಕ್ಕೆಯ ಗುಲಾಬಿ ಬಣ್ಣ ಬರುವುದೂ ಈ ಊಟದಿಂದಲೇ. ಮರಿಗಳು ಬೂದು ಬಣ್ಣದವು.

ದಂಡೆಯ ಮಣ್ಣಿನ ಮೇಲೂ ನಿರಿಗೆಗಳಿದ್ದವು. ಆದರೆ ಅವುಗಳ ಎರಡೂ ಬದಿ ಸಮ. ಇಲ್ಲಿ ನೀರು ಒಂದೇ ಕಡೆ ಹರಿಯಲಿಲ್ಲ, ಅಲೆಯಾಗಿ ಮುಂದೆ ಹಿಂದೆ ಆಡಿತು. ಗಟಾರದ ನಿರಿಗೆ ಬೇರೆ, ಕೆರೆಯ ನಿರಿಗೆ ಬೇರೆ. ಅಂದಿನ ಸುದ್ದಿ ಇದೇ.

"ಇದನ್ನ ಮುಟ್ಟಿದ್ರ ನನಗೂ ತಿಳೀತಿತ್ತು" ಅಂದಳು ಅಕ್ಕ. ಮಣ್ಣಿನ ನಿರಿಗೆಯನ್ನು ಕೈಯಲ್ಲಿ ಎತ್ತಿಕೊಂಡು ಇಳಕಲ್‌ಗೆ ಒಯ್ಯುವುದು ಹೇಗೆ? ಆಗ ನೆನಪಾದದ್ದು ಬಾದಾಮಿ. ಅಲ್ಲಿಯ ಬಂಡೆಗಳಲ್ಲಿ ಇಂಥ ನಿರಿಗೆ ಇದೆ ಎಂದು ಓದಿದ್ದೆ.

ಬಾದಾಮಿಯ ಬಂಡೆ

ಏಪ್ರಿಲ್ ಎರಡನೇ ವಾರ, ಶಾಲೆಗೆ ಸೂಟಿ ಬಿಟ್ಟ ಮೇಲೆ, ಒಂದು ಬಾಡಿಗೆ ಗಾಡಿ ಮಾಡಿ ನಸುಕಿನಲ್ಲೇ ಇಳಕಲ್‌ನಿಂದ ಹೊರಟೆವು. ಬಿಸಿಲೇರುವ ಮೊದಲು ಬಾದಾಮಿಯ ಅಗಸ್ತ್ಯ ತೀರ್ಥದ ದಂಡೆಯಲ್ಲಿದ್ದೆವು.

ಬಾದಾಮಿಗೆ ಹೋದವರು ಸಾಮಾನ್ಯವಾಗಿ ಗುಹೆಗಳನ್ನು ನೋಡುತ್ತಾರೆ. ನೋಡಲೇಬೇಕು. ಮೂರನೆಯ ಗುಹೆಯಲ್ಲಿ ಮಂಗಳೇಶನ ಶಾಸನವಿದೆ, ಶಕ 500, ಅಂದರೆ ಕ್ರಿ.ಶ. 578. ಆ ಶಿಲ್ಪಿಗಳು ಕೆತ್ತಿದ ಕೆಂಪು ಕಲ್ಲು ಮಾತ್ರ ಅದಕ್ಕಿಂತ ಎಷ್ಟೋ ಹಳೆಯದು. ಅದು ಮರಳುಗಲ್ಲು. ಒಂದು ಕಾಲಕ್ಕೆ ನೀರು ಹೊತ್ತು ತಂದು ಹಾಸಿದ ಮರಳು, ಪದರದ ಮೇಲೆ ಪದರ ಬಿದ್ದು, ಒತ್ತಿ, ಗಟ್ಟಿಯಾಗಿ ಕಲ್ಲಾಯಿತು. ಭೂವಿಜ್ಞಾನಿಗಳು ಈ ಶಿಲಾಸಮೂಹವನ್ನು ಬಾಗಲಕೋಟೆ ಹತ್ತಿರದ ಕಲಾದಗಿಯ ಹೆಸರಿನಿಂದ ಕರೆಯುತ್ತಾರೆ. ಬಾದಾಮಿಯ ಕಲ್ಲಿನ ವಯಸ್ಸು ಹೆಚ್ಚುಕಡಿಮೆ ನೂರು ಕೋಟಿ ವರ್ಷ. ಆಗ ನೆಲದ ಮೇಲೆ ಒಂದು ಗಿಡವಿರಲಿಲ್ಲ, ಒಂದು ಹುಲ್ಲುಕಡ್ಡಿ ಇರಲಿಲ್ಲ. ಗುಬ್ಬಿ, ಹುಳ, ಮನುಷ್ಯ ಯಾರೂ ಇರಲಿಲ್ಲ. ನೀರು ಮಾತ್ರ ಹೀಗೇ ಹರಿಯುತ್ತಿತ್ತು.

ಹುಡುಕಿದವಳು ಮೊಮ್ಮಗಳು. ದಾರಿಯ ಬದಿಯ ಒಂದು ಚಪ್ಪಟೆ ಬಂಡೆಯ ಮೇಲೆ ಸಾಲು ನಿರಿಗೆ. "ಅಜ್ಜಾ, ಗಟಾರ! ಗಟಾರ!" ಎಂದು ಕೂಗಿದಳು. ಹೋಗುವವರು ತಿರುಗಿ ನೋಡಿದರು.

ಅಕ್ಕನನ್ನು ಕೈ ಹಿಡಿದು ಕೂಡಿಸಿದೆವು. ಅವಳಿಗೆ ಏನನ್ನೂ ಹೇಳಬಾರದು ಎಂದು ಮೊಮ್ಮಗಳಿಗೆ ಕಣ್ಣುಸನ್ನೆ ಮಾಡಿದೆ. ಅಕ್ಕ ಎರಡೂ ಅಂಗೈಯನ್ನು ಬಂಡೆಯ ಮೇಲೆ ಇಟ್ಟಳು. ಹಾಸಿನ ಎಳೆ ಹರಿದಿದೆಯೇ ಎಂದು ನೋಡುವಾಗ ಬೆರಳು ಹೇಗೆ ಓಡುತ್ತಿತ್ತೋ ಹಾಗೆ ಓಡಿಸಿದಳು. ಒಮ್ಮೆ ಆ ಕಡೆ, ಒಮ್ಮೆ ಈ ಕಡೆ. ಮತ್ತೊಮ್ಮೆ, ನಿಧಾನಕ್ಕೆ.

ಬಿಸಿಲಿಗೆ ಕಲ್ಲಿನ ನೆರಳು ತೀರಾ ತೆಳುವಾಗಿತ್ತು. ನನ್ನ ಕನ್ನಡಕದ ಕಣ್ಣಿಗೆ ಎರಡೂ ಬದಿ ಒಂದೇ ತರಹ ಕಾಣುತ್ತಿದ್ದವು. ಇದು ಕೆರೆಯ ನಿರಿಗೆಯೇ ಇರಬೇಕು ಎಂದು ನಾನು ಮನಸ್ಸಿನಲ್ಲಿ ಲೆಕ್ಕ ಹಾಕಿಬಿಟ್ಟಿದ್ದೆ.

"ಇದು ಹರಿಯೋ ನೀರು" ಅಂದಳು ಅಕ್ಕ. ನಂತರ ಬಲಗೈ ಎತ್ತಿ ಕೆರೆಯ ಕಡೆ ಬೆರಳು ತೋರಿಸಿದಳು. "ಈ ಕಡಿಂದ ಬಂದು, ಹಿಂಗ ಹೋಗೇತಿ."

ಮೊಮ್ಮಗಳು ಓಡಿ ಹೋಗಿ ಬಂಡೆಗೆ ಗಲ್ಲ ಹಚ್ಚಿ, ಅಡ್ಡದಿಂದ ಕಣ್ಣು ಕಿರಿದು ಮಾಡಿ ನೋಡಿದಳು. ನನ್ನನ್ನೂ ಬಗ್ಗಿಸಿದಳು. ಕಡಿದು ಬದಿ ಅಕ್ಕ ತೋರಿಸಿದ ಕಡೆಗೇ ಇತ್ತು.

ನೂರು ಕೋಟಿ ವರ್ಷದ ಹಿಂದೆ ಬತ್ತಿದ ಹಳ್ಳ ಯಾವ ಕಡೆ ಹರಿಯುತ್ತಿತ್ತು ಎಂದು ಕಣ್ಣಿಲ್ಲದ ನನ್ನ ಅಕ್ಕ ಹೇಳಿದಳು. ಕಣ್ಣಿದ್ದ ನಾನು ತಪ್ಪಿದ್ದೆ. ಡೈರಿಯಲ್ಲಿ ಅಂದಿನ ದಿನ 'ಕಂಡದ್ದು' ಎಂಬ ಕಾಲಮ್ಮಿನಲ್ಲಿ ಅವಳ ಹೆಸರು ಬರೆದೆ.

ವಾಪಸು ಬರುವಾಗ ಅಮೀನಗಡದಲ್ಲಿ ಗಾಡಿ ನಿಲ್ಲಿಸಿ ಕರದಂಟು ಕೊಂಡೆವು. ಅಕ್ಕ ದಾರಿಯುದ್ದಕ್ಕೂ ಮಾತಾಡಿದಳು.

ನೀವೂ ಮಾಡಿ ನೋಡಿ

ಮಕ್ಕಳೇ, ಇದಕ್ಕೆ ಕಾಡಿಗೆ ಹೋಗಬೇಕಾಗಿಲ್ಲ. ದುರ್ಬೀನೂ ಬೇಡ. ನನ್ನ ಖಾತೆಯ ಬಹುಪಾಲು ಸುದ್ದಿಗಳು ಮನೆಯಿಂದ ನೂರು ಹೆಜ್ಜೆಯೊಳಗೆ ಸಿಕ್ಕವು. ಬೇಕಾದದ್ದು ಮೂರೇ. ಒಂದು ಹಳೆಯ ನೋಟುಬುಕ್ಕು, ಒಂದು ಜಾಗದಲ್ಲಿ ಹತ್ತು ನಿಮಿಷ ಸುಮ್ಮನೆ ಕೂಡುವ ತಾಳ್ಮೆ, ಸಂಜೆ ನಿಮ್ಮ ಸುದ್ದಿಗೆ ಕಾಯುವ ಒಬ್ಬರು. ಮೂರನೆಯದು ಬಹಳ ಮುಖ್ಯ. ಊರಲ್ಲಿರುವ ಅಜ್ಜಿ, ಮಂಚ ಹಿಡಿದ ಅಜ್ಜ, ಹೊರಗೆ ಬರಲಾಗದ ಯಾರಾದರೂ ಇದ್ದೇ ಇರುತ್ತಾರೆ. ಕೇಳುವವರಿದ್ದಾರೆ ಎಂದರೆ ಕಣ್ಣು ತಾನಾಗಿ ಹುಡುಕುತ್ತದೆ. ಅಜ್ಜ–ಅಜ್ಜಿಯರೇ, ಮಕ್ಕಳು ಸುದ್ದಿ ತಂದಾಗ ಸುಮ್ಮನೆ 'ಹೂಂ' ಅನ್ನಬೇಡಿ. ನನ್ನ ಅಕ್ಕನಂತೆ ಒಂದು ಪ್ರಶ್ನೆ ಕೇಳಿ: ಗಂಡೋ ಹೆಣ್ಣೋ? ಮೇಲಿಂದಲೋ ಕೆಳಗಿಂದಲೋ?

ಬಾದಾಮಿಯಿಂದ ಬಂದ ಮರುದಿನ ಸಂಜೆ ಏಳಕ್ಕೆ ಫೋನು ಬಂತು. ನಾನು ಡೈರಿ ತೆಗೆದುಕೊಂಡು ಸಿದ್ಧನಾಗಿದ್ದೆ.

"ತಡಿ, ಇವತ್ತ ನಾ ಹೇಳ್ತೀನಿ" ಅಂದಳು ಅಕ್ಕ. "ನಮ್ಮ ಹಿತ್ತಲ ಬೇವು ಹೂ ಬಿಟ್ಟೇತಿ. ಮಧ್ಯಾಹ್ನ ಅಷ್ಟ ವಾಸನಿ ಇರಂಗಿಲ್ಲ. ಹೊತ್ತು ಮುಳುಗಿದ ಮ್ಯಾಲ ಘಮ್ ಅಂತ ಬರ್ತದ. ಮೂರು ದಿನ ನೋಡೀನಿ, ಹಂಗ ಅದ. ನಿಮ್ಮ ಅಂಗಳದ ಗಿಡದಾಗೂ ಹಂಗೇನು?"

ನನಗೆ ಗೊತ್ತಿರಲಿಲ್ಲ. ಕರಾರಿನ ಪ್ರಕಾರ ಗೊತ್ತಿಲ್ಲ ಅಂದೆ. ಫೋನಿಟ್ಟು, ಚಪ್ಪಲಿ ಹಾಕಿಕೊಂಡು, ಮೊಮ್ಮಗಳನ್ನು ಕರೆದು ಅಂಗಳಕ್ಕೆ ಇಳಿದೆ.